ಡ್ಯುಯಲ್ ಬೂಟಾ, ವಿಎಂ ಒಳಗಿನ ಗೇಮಿಂಗಾ: ಒಂದು ಮಳೆಗಾಲದ ಹೋಲಿಕೆ

ನಮ್ಮನೆಯಲ್ಲಿ ಇರೋದು ಒಂದೇ ಡೆಸ್ಕ್‌ಟಾಪ್. ನನಗೆ ಲಿನಕ್ಸ್ ಬೇಕು, ಕೆಲಸವೆಲ್ಲ ಅದರಲ್ಲೇ. ತಮ್ಮನಿಗೆ ವಿಂಡೋಸ್ ಬೇಕು, ಜಿಟಿಎ 5 ಅದರಲ್ಲೇ. ಮಡಿಕೇರಿಯಲ್ಲಿ ಜೂನ್ ಮಳೆ ಹಿಡಿದರೆ ಹೊರಗೆ ಆಡುವ ಮಾತೇ ಇಲ್ಲ ಅಲ್ವಾ. ನನ್ನ ಬಿಲ್ಡ್ (ಕೋಡನ್ನು ಕಂಪೈಲ್ ಮಾಡಿ ಪ್ರೋಗ್ರಾಂ ಆಗಿಸುವುದು) ಅರ್ಧಕ್ಕೆ ಬಂದಿರುತ್ತದೆ, ಇವನು ಹಿಂದೆ ಬಂದು ನಿಂತು "ಅಣ್ಣಾ, ರೀಸ್ಟಾರ್ಟ್ ಮಾಡ್ಲಾ?" ಅಂತಾನೆ.

ಎರಡೂ ಓಎಸ್ ಇಟ್ಟು, ಪ್ರತಿ ಸಲ ರೀಸ್ಟಾರ್ಟ್ ಮಾಡಿ ಒಂದನ್ನು ಆರಿಸುವುದೇ ಡ್ಯುಯಲ್ ಬೂಟ್. ಆ ಕಾಟಕ್ಕೇ ಅದನ್ನು ಬಿಟ್ಟು ಕೆವಿಎಂಗೆ ಬಂದೆ, ಅಂದರೆ ಲಿನಕ್ಸ್‌ನಲ್ಲೇ ಇರುವ ವರ್ಚುವಲ್ ಮೆಷಿನ್ (ವಿಎಂ, ಕಂಪ್ಯೂಟರಿನೊಳಗೊಂದು ಕಂಪ್ಯೂಟರ್) ವ್ಯವಸ್ಥೆಗೆ. ಲಿನಕ್ಸ್ ಓಡುತ್ತಿರುವಾಗಲೇ ಅದರೊಳಗೆ ವಿಂಡೋಸ್ ವಿಎಂ, ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಆ ವಿಎಂಗೆ. ಮೆಷಿನ್ ದೊಡ್ಡದೇನಲ್ಲ: ಐ5-10400, 32 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಸೂಪರ್. ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ನನ್ನ ಮಾನಿಟರ್‌ಗೆ, ಎನ್‌ವಿಡಿಯಾ ಕಾರ್ಡ್ ತಮ್ಮನ ಮಾನಿಟರ್‌ಗೆ. ಅವನಿಗೆ ಬೇರೆ ಕೀಬೋರ್ಡ್, ಬೇರೆ ಮೌಸ್. ಒಂದೇ ಡಬ್ಬದಲ್ಲಿ ಇಬ್ಬರೂ ಒಟ್ಟಿಗೆ ಕೂರಬಹುದು. ಡ್ಯುಯಲ್ ಬೂಟ್‌ನಲ್ಲಿ ಇದು ಆಗದ ಕೆಲಸ.

ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲೇ ಓಡಿಸುವ ಸ್ಟೀಮ್‌ನ ಪ್ರೋಟಾನ್ ಸಾಕಲ್ವಾ ಅಂತ ಕೇಳುವವರು ಇರುತ್ತಾರೆ. ಒಬ್ಬರೇ ಬಳಸುವ ಮೆಷಿನ್ ಆದರೆ ಮೊದಲು ಅದನ್ನೇ ನೋಡಿ. 2018ರಲ್ಲಿ ಬಂದಾಗಿನಿಂದ ತುಂಬಾ ಸುಧಾರಿಸಿದೆ. ನಮ್ಮದು ಇಬ್ಬರ ಜಗಳವಾದ್ದರಿಂದ ವಿಎಂ. ಒಂದು ಎಚ್ಚರಿಕೆ: ಆಂಟಿ ಚೀಟ್ (ಮೋಸ ಹಿಡಿಯುವ ಸಾಫ್ಟ್‌ವೇರ್) ಇರುವ ಕೆಲವು ಆನ್‌ಲೈನ್ ಆಟಗಳು ವಿಎಂ ಅಂತ ಗೊತ್ತಾದ ಕೂಡಲೇ ಬಾಗಿಲು ಹಾಕುತ್ತವೆ. ಅಂಥವಕ್ಕೆ ಡ್ಯುಯಲ್ ಬೂಟೇ ಗತಿ.

ಕಾರ್ಡನ್ನು ವಿಎಂಗೆ ದಾಟಿಸುವುದು ಈಗ ಅಷ್ಟು ಕಷ್ಟವಿಲ್ಲ. ಬಯಾಸ್‌ನಲ್ಲಿ ವಿಟಿ-ಡಿ (ಸಾಧನಗಳನ್ನು ನೇರವಾಗಿ ವಿಎಂಗೆ ಕೊಡಲು ಬಿಡುವ ಇಂಟೆಲ್ ಸೌಲಭ್ಯ) ಆನ್ ಮಾಡಬೇಕು, ಕಾರ್ಡನ್ನು ವಿಎಂಗೆಂದು ಕಾದಿಡುವ ವಿಎಫ್ಐಒ ಡ್ರೈವರ್‌ಗೆ ಕಟ್ಟಬೇಕು. ಹಿಂದೆ ಜೀಫೋರ್ಸ್ ಡ್ರೈವರ್ ವಿಎಂ ಒಳಗೆ ಕೋಡ್ 43 ಎಂಬ ಎರರ್ ಎಸೆದು ಕೂರುತ್ತಿತ್ತು. 2021ರಲ್ಲಿ ಬಂದ 465 ಡ್ರೈವರ್‌ನಿಂದ ಆ ರಗಳೆ ಇಲ್ಲ. ನಾನು ಎಡವಿದ್ದು ಬೇರೆ ಕಡೆ. ಈ ಕಾರ್ಡ್ ಲಿನಕ್ಸ್ ಕಣ್ಣಿಗೆ ನಾಲ್ಕು ಸಾಧನಗಳು: ವಿಡಿಯೋ, ಆಡಿಯೋ, ಒಂದು ಯುಎಸ್‌ಬಿ ಕಂಟ್ರೋಲರ್, ಟೈಪ್-ಸಿಗೆ ಸಂಬಂಧಿಸಿದ ಇನ್ನೊಂದು. ನನ್ನ ಕಾರ್ಡ್‌ನಲ್ಲಿ ಹೊರಗೆ ಟೈಪ್-ಸಿ ಪೋರ್ಟೇ ಇಲ್ಲ, ಒಳಗೆ ಮಾತ್ರ ಕಂಟ್ರೋಲರ್ ಇದೆ! ಮೊದಲೆರಡನ್ನು ಮಾತ್ರ ಕಟ್ಟಿದ್ದೆ, ವಿಎಂ ಏಳಲೇ ಇಲ್ಲ. ಒಂದೇ ಐಒಎಂಎಂಯು ಗುಂಪಿನಲ್ಲಿ (ಹಾರ್ಡ್‌ವೇರ್ ಬೇರೆ ಬೇರೆ ಮಾಡಲಾಗದ ಸಾಧನಗಳ ಗುಂಪು) ಇರುವುದೆಲ್ಲ ಒಟ್ಟಿಗೆ ಹೋಗಬೇಕು.

ಇನ್ನು ಆಟಕ್ಕೆ ಬರೋಣ. ಜಿಟಿಎ 5ರ ಒಳಗೇ ಇರುವ ಬೆಂಚ್‌ಮಾರ್ಕನ್ನು ಒಂದೇ ಸೆಟ್ಟಿಂಗ್‌ನಲ್ಲಿ ನೇರ ವಿಂಡೋಸ್‌ನಲ್ಲೂ ವಿಎಂನಲ್ಲೂ ಓಡಿಸಿದೆ. ಸರಾಸರಿ ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಚಿತ್ರ) ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಖುಷಿಪಟ್ಟೆ. ಐದು ನಿಮಿಷದಲ್ಲಿ ತಮ್ಮ ಕೂಗಿದ: "ಅಣ್ಣಾ, ಕಾರು ತಡವರಿಸ್ತಾ ಇದೆ." ಹೌದು, ತಿರುವು ಬಂದಾಗಲೆಲ್ಲ ಚಿತ್ರ ಒಂದು ಕ್ಷಣ ನಿಂತು ಜಿಗಿಯುತ್ತಿತ್ತು. ಸರಾಸರಿ ನೋಡಿದರೆ ಇದು ಕಾಣುವುದೇ ಇಲ್ಲ. ನಾನು ಪಕ್ಕದಲ್ಲಿ ಕಂಪೈಲ್ ಹಾಕಿದರಂತೂ ಕೇಳಬೇಡಿ.

ಕಾರಣ ಸರಳ. ವಿಎಂನ ಸಿಪಿಯು ಅಂದರೆ ಲಿನಕ್ಸ್‌ಗೆ ಬರೀ ಒಂದು ಥ್ರೆಡ್, ಸಾಲಿನಲ್ಲಿ ನಿಂತ ಇನ್ನೊಂದು ಕೆಲಸ. ಅದನ್ನು ಈ ಕೋರಿನಿಂದ ಆ ಕೋರಿಗೆ ಎತ್ತಿ ಹಾಕುತ್ತಾ ಇರುತ್ತದೆ, ನನ್ನ ಕಂಪೈಲರ್ ಕೂಡ ಅದೇ ಸಾಲಿನಲ್ಲಿ ನಿಂತಿರುತ್ತದೆ. ಹಾಗಾಗಿ ಪಿನ್ನಿಂಗ್ ಮಾಡಬೇಕು, ಅಂದರೆ ವಿಎಂನ ಯಾವ ಸಿಪಿಯು ಯಾವ ಕೋರಿನಲ್ಲಿ ಅಂತ ಕಟ್ಟಿಹಾಕಬೇಕು.

ಈ ಪ್ರೊಸೆಸರ್‌ನಲ್ಲಿ ಆರು ಕೋರು, ಕೋರಿಗೆ ಎರಡರಂತೆ 0ರಿಂದ 11ರವರೆಗೆ ಹನ್ನೆರಡು ಥ್ರೆಡ್. ನಾನು ಮೊದಲು ವಿಎಂಗೆ 4ರಿಂದ 11ರವರೆಗೆ ಸಾಲಾಗಿ ಎಂಟು ಥ್ರೆಡ್ ಕೊಟ್ಟೆ. ಆಟ ಮತ್ತೂ ಕೆಟ್ಟಿತು! ರಾತ್ರಿ ಕೂತು ಲಿನಕ್ಸ್ ಕೊಡುವ ಸಿಪಿಯು ಪಟ್ಟಿ ನೋಡಿದಾಗ ಗೊತ್ತಾಯಿತು. ಈ ಇಂಟೆಲ್‌ನಲ್ಲಿ 0ಕ್ಕೆ ಜೋಡಿ 1 ಅಲ್ಲ, 6. 1ಕ್ಕೆ 7, 2ಕ್ಕೆ 8. ಅಂದರೆ ನಾನು ಕೊಟ್ಟ 6, 7, 8, 9 ನಾಲ್ಕೂ ನನ್ನದೇ ಕೋರುಗಳ ಇನ್ನೊಂದು ಅರ್ಧ. ಬೇಲಿ ಹಾಕಿದ್ದೇನೆ ಅಂದುಕೊಂಡು ಎರಡೂ ತೋಟದ ನಡುವೆ ಗೇಟ್ ತೆಗೆದಿಟ್ಟ ಹಾಗಾಗಿತ್ತು. 2-8, 3-9, 4-10, 5-11 ಅಂತ ಜೋಡಿಯಾಗಿ ಕೊಟ್ಟು, ವಿಎಂಗೆ ನಾಲ್ಕು ಕೋರು, ಕೋರಿಗೆರಡು ಥ್ರೆಡ್ ಅಂತ ಹೇಳಿದೆ. ವಿಎಂ ಓಡಿಸುವ ಕ್ಯೂಇಎಂಯು ತನ್ನ ಒಳಗೆಲಸಕ್ಕೆ ಬಳಸುವ ಥ್ರೆಡ್‌ಗಳನ್ನು ನನ್ನ ಎರಡು ಕೋರಿಗೆ ತಳ್ಳಿದೆ. ತಡವರಿಕೆ ಮುಕ್ಕಾಲು ಪಾಲು ಹೋಯಿತು.

ಉಳಿದ ಕಾಲು ಪಾಲು ನನ್ನ ಕಂಪೈಲರ್‌ದೇ. ಪಿನ್ ಮಾಡಿದರೆ ವಿಎಂ ಅಲ್ಲೇ ಇರುತ್ತದೆ, ಆದರೆ ಲಿನಕ್ಸ್‌ನ ಕೆಲಸಗಳು ಅಲ್ಲಿಗೆ ನುಗ್ಗುವುದು ನಿಲ್ಲುವುದಿಲ್ಲ. ಇದಕ್ಕೆ ಎರಡು ದಾರಿ ನೋಡಿದೆ. ವಿಎಂನ ಕೋರುಗಳಿಗೆ ಲಿನಕ್ಸ್ ತನ್ನ ಕೆಲಸ ಹಾಕದ ಹಾಗೆ ಐಸೋಲ್‌ಸಿಪಿಯುಸ್ ಅಂತ ಬೂಟ್‌ನಲ್ಲೇ ಹಾಕಿದರೆ ಆಟ ಬೆಣ್ಣೆ, ಆದರೆ ವಿಎಂ ಇಲ್ಲದಾಗಲೂ ನನಗೆ ಎರಡೇ ಕೋರು, ಹಗಲಿನ ಬಿಲ್ಡ್ ಆಮೆ. ಇನ್ನೊಂದು ದಾರಿ, ವಿಎಂ ಶುರುವಾದಾಗ ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಹೇಳಿ ಮಿಕ್ಕಿದ್ದನ್ನೆಲ್ಲ 0, 1, 6, 7ಕ್ಕೆ ಕಟ್ಟುವುದು, ವಿಎಂ ನಿಂತಾಗ ಬಿಚ್ಚುವುದು. ಒಂದು ಸಣ್ಣ ಲಿಬ್‌ವರ್ಟ್ ಹುಕ್ (ವಿಎಂ ಶುರುವಾದಾಗ, ನಿಂತಾಗ ತಾನೇ ಓಡುವ ಸ್ಕ್ರಿಪ್ಟ್) ಸಾಕು. ನನ್ನ ಓಟು ಇದಕ್ಕೇ.

ಹ್ಯೂಜ್‌ಪೇಜ್ (ಮೆಮೊರಿಯನ್ನು ದೊಡ್ಡ ತುಂಡುಗಳಲ್ಲಿ ಕೊಡುವುದು) ಬಗ್ಗೆ ಜಾಸ್ತಿ ಹೇಳುವುದಿಲ್ಲ. 16 ಜಿಬಿಗೆ 2 ಎಂಬಿಯ 8192 ಪುಟ ಬೂಟ್‌ನಲ್ಲೇ ತೆಗೆದಿಟ್ಟೆ. ನನ್ನ ಕಣ್ಣಿಗೆ ಫರಕು ಕಾಣಲಿಲ್ಲ, ಅರ್ಧ ರ‍್ಯಾಮ್ ಮಾತ್ರ ದಿನವಿಡೀ ಸುಮ್ನೆ ಬಿದ್ದಿತ್ತು. ತೆಗೆದುಹಾಕಿದೆ.

ಡಿಸ್ಕ್‌ನಲ್ಲಿ ಫರಕು ಇದೆ. ವಿಎಂಗೆ ಡಿಸ್ಕ್ ಆಗುವ ಕ್ಯೂಕೌ2 ಫೈಲಿನಲ್ಲಿ ವಿಂಡೋಸ್ ಇಟ್ಟಾಗ ನಕ್ಷೆ ಲೋಡ್ ಆಗುವುದಕ್ಕೆ ಕಾಯಬೇಕಿತ್ತು. ವಿಎಂಗೆಂದೇ ಇರುವ ವರ್ಟ್‌ಐಒ ಡ್ರೈವರ್, ಡಿಸ್ಕ್ ಕೆಲಸಕ್ಕೆ ಬೇರೆ ಐಒ ಥ್ರೆಡ್ ಕೊಟ್ಟ ಮೇಲೆ ಪರವಾಗಿಲ್ಲ ಅನ್ನಿಸಿತು. ಕೊನೆಗೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿಯನ್ನೇ ಕಾರ್ಡಿನ ಹಾಗೆ ಪೂರ್ತಿ ದಾಟಿಸಿದೆ. ಅದರ ದೊಡ್ಡ ಲಾಭ ವೇಗವಲ್ಲ. ಅದೇ ಡ್ರೈವ್‌ನಿಂದ ನೇರವಾಗಿಯೂ ಬೂಟ್ ಮಾಡಬಹುದು, ಹಾಗಾಗಿ ಡ್ಯುಯಲ್ ಬೂಟೂ ಕೈಬಿಟ್ಟು ಹೋಗಲಿಲ್ಲ.

ಲುಕಿಂಗ್ ಗ್ಲಾಸ್ ಕೂಡ ಹಾಕಿ ನೋಡಿದೆ. ವಿಎಂನ ಚಿತ್ರವನ್ನು ಹಂಚಿಕೊಂಡ ಮೆಮೊರಿಯ ಮೂಲಕ ನನ್ನ ಲಿನಕ್ಸ್ ಕಿಟಕಿಗೆ ತರುತ್ತದೆ, 1080ಪಿಗೆ 32 ಎಂಬಿ ಸಾಕು. ಒಬ್ಬನೇ ಇದ್ದಾಗ ಚೆನ್ನ. ಕಾರು ಓಡಿಸುವುದಕ್ಕೆ ನೇರ ಕೇಬಲ್ಲೇ ವಾಸಿ.

ವಿಎಂ ನಿಜವಾಗಿ ಸೋಲುವುದು ಕರೆಂಟ್ ಹೋದಾಗ. ಬೇರೆ ವಿಎಂ ಆದರೆ ಇದ್ದ ಸ್ಥಿತಿಯನ್ನು ಹಾಗೇ ಡಿಸ್ಕ್‌ಗೆ ಉಳಿಸಿ ಮಲಗಿಸಬಹುದು. ಇಲ್ಲಿ ನಿಜವಾದ ಕಾರ್ಡ್ ಒಳಗಿದೆ, ಅದರ ಸ್ಥಿತಿಯನ್ನು ಎತ್ತಿಡಲು ಆಗುವುದಿಲ್ಲ. ನಾನು ಹಿಡಿದ ದಾರಿ ಶಟ್‌ಡೌನ್. ಯುಪಿಎಸ್ ಸೂಚನೆ ಕೊಟ್ಟ ಕೂಡಲೇ ವಿಎಂ ಮುಚ್ಚುವ ಹಾಗೆ ಸ್ಕ್ರಿಪ್ಟ್ ಬರೆದಿದ್ದೇನೆ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಗೆ ಸಿಲ್ವರ್ ಓಕ್ ಕೊಂಬೆ ಮುರಿದು ಲೈನ್ ಮೇಲೆ ಬಿದ್ದ ಸಂಜೆ, ತಮ್ಮ ಮಿಷನ್‌ನ ಕೊನೇ ಹಂತದಲ್ಲಿದ್ದ. ಸ್ಕ್ರಿಪ್ಟ್ ಸರಿಯಾಗಿಯೇ ಕೆಲಸ ಮಾಡಿತು. ಕಾರ್ಡ್ ಮೇಲಿನ ಹೊರೆ ಇಳಿದದ್ದರಿಂದ ಯುಪಿಎಸ್ ಇನ್ನಷ್ಟು ಹೊತ್ತು ಉಳಿಯಿತು, ನನ್ನ ಬಿಲ್ಡ್ ಮುಗಿಯಿತು. ರಾತ್ರಿ ಊಟದವರೆಗೆ ಅವನು ನನ್ನ ಜೊತೆ ಮಾತಾಡಲಿಲ್ಲ.