ನಾಲ್ಕು ವೇಗದ ಹಳೆಯ ರೆಕಾರ್ಡ್ ಪ್ಲೇಯರ್: ಬಿಚ್ಚಿ, ಒರೆಸಿ, ವರ್ಷಗಟ್ಟಲೆ ಬಳಸಿದ ಮೇಲೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಿರಿಯರು ಬಿಟ್ಟುಹೋದ ಪ್ಲೇಟುಗಳಿದ್ದು, ಕೈಗೆ ಗ್ರೀಸು ಮೆತ್ತಿಕೊಳ್ಳಲು ಬೇಸರವಿಲ್ಲದವರಿಗೆ ಇದು ಚಿನ್ನದಂಥ ಯಂತ್ರ. ಅಂದಕ್ಕೆಂದು ಟೀಪಾಯಿಯ ಮೇಲೆ ಇಡುವವರು ಬೇರೆ ಏನನ್ನಾದರೂ ಕೊಳ್ಳಲಿ. ನನ್ನದು ಟ್ರಾನ್ಸಿಸ್ಟರ್ ಕಾಲದ, ಮನೆಯ ಕರೆಂಟಿನಲ್ಲಿ ಓಡುವ, ಸೂಟ್‌ಕೇಸಿನಂತೆ ಮುಚ್ಚುವ ಪ್ಲೇಯರ್. ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕದಲ್ಲಿ 16, 33, 45, 78 ಎಂದು ನಾಲ್ಕು ವೇಗಗಳಿವೆ. ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ವರ್ಷಗಳಿಂದ ಹಾಡುತ್ತಿದೆ.

ಅಶೋಕ ರಸ್ತೆಯ ಕಡೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಇದನ್ನು ನೋಡಿದೊಡನೆ, "ಮೇಷ್ಟ್ರೇ, ಇದಕ್ಕೆ ಬರುವುದು ಕರೆಂಟಿನ ಕಾಯಿಲೆಯಲ್ಲ, ರಬ್ಬರಿನ ಕಾಯಿಲೆ" ಎಂದಿದ್ದರು. ಅವರ ಮಾತು ನೂರಕ್ಕೆ ತೊಂಬತ್ತು ಪಾಲು ನಿಜವಾಯಿತು. ಪ್ಲೇಯರ್ ಕೆಟ್ಟಿತೆಂದರೆ ಎಲ್ಲರೂ ಮೊದಲು ಸೋಲ್ಡರಿಂಗ್ ಐರನ್ ಕಾಯಿಸುತ್ತಾರೆ. ಅದನ್ನು ಪಕ್ಕಕ್ಕಿಡಿ. ಪ್ಲಗ್ ಕಿತ್ತು, ತಿರುಗುವ ತಟ್ಟೆಯನ್ನು ಮೇಲಕ್ಕೆತ್ತಿ ನೋಡಿ.

ತಟ್ಟೆಯ ಅಡಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಮೋಟಾರ್ ಕಡ್ಡಿ, ಅದರ ಪಕ್ಕದಲ್ಲೊಂದು ರಬ್ಬರ್ ಗಾಲಿ ಇರುತ್ತವೆ. ಕಡ್ಡಿ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ತಟ್ಟೆಯ ಒಳ ಅಂಚನ್ನು ತಳ್ಳುತ್ತದೆ. ವೇಗ ಬದಲಿಸಿದಾಗ ಗಾಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ರಬ್ಬರ್ ಗಟ್ಟಿಯಾಗಿ ನುಣುಪಾದರೆ ಜಾರುತ್ತದೆ, ಹಾಡು ಎಳೆದಾಡುತ್ತದೆ. ಮೊದಲ ಮದ್ದು ಸ್ಪಿರಿಟ್: ಗಾಲಿ, ಕಡ್ಡಿ, ತಟ್ಟೆಯ ಒಳ ಅಂಚು ಮೂರನ್ನೂ ಒರೆಸಬೇಕು. ಆಮೇಲೆ ನಯವಾದ ಉಪ್ಪುಕಾಗದದಿಂದ ಗಾಲಿಯ ಅಂಚನ್ನು ಒಂದೇ ಸಮನಾಗಿ, ಹಗುರವಾಗಿ ತಿಕ್ಕಬೇಕು. ಇದು ಕೆಲವು ತಿಂಗಳ ಮಾತು. ರಬ್ಬರ್ ಕಲ್ಲಾಗಿದ್ದರೆ ಲೇತ್ ಅಂಗಡಿಯಲ್ಲಿ ಗಾಲಿಯ ಅಂಚನ್ನು ಕೊರೆಸಿ, ಅಳತೆಗೆ ಸರಿಯಾದ ಓ-ರಿಂಗ್ ಎಂಬ ರಬ್ಬರ್ ಬಳೆ ಕೂಡಿಸುವುದೇ ದಾರಿ. ನನ್ನ ಗಾಲಿ ಈಗ ಓಡುತ್ತಿರುವುದು ಹಾಗೆಯೇ. ಗಾಲಿಯ ಗಾತ್ರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ವೇಗ ಕೆಡುತ್ತದೆಂದು ಹೆದರಿಸುವವರಿದ್ದಾರೆ. ಕೆಡುವುದಿಲ್ಲ. ವೇಗವನ್ನು ನಿರ್ಧರಿಸುವುದು ಕಡ್ಡಿಯ ಮತ್ತು ತಟ್ಟೆಯ ಸುತ್ತಳತೆ, ನಡುವಿನ ಗಾಲಿ ಬರೀ ದಲ್ಲಾಳಿ. ಗಾಲಿ ದುಂಡಗಿರಬೇಕು, ಅಷ್ಟೇ.

ದುಂಡಗಿಲ್ಲದಿದ್ದರೆ ಕಿವಿಗೆ ತಿಳಿಯುತ್ತದೆ. ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಧಡ್ ಎಂಬ ಸದ್ದು ಹಲವು ಸಲ ಕೇಳಿದರೆ ಗಾಲಿ ಒಂದು ಕಡೆ ಚಪ್ಪಟೆಯಾಗಿದೆ. ಪ್ರತಿ ಸುತ್ತಿಗೂ ಒಂದೇ ಸಲ ಕೇಳಿದರೆ ತಟ್ಟೆ ಇಲ್ಲವೇ ಪ್ಲೇಟು ಸೊಟ್ಟಗಾಗಿದೆ. ಹಾಡು ಮುಗಿದ ಮೇಲೆ ವೇಗದ ಗುಂಡಿಯನ್ನು ನಡುಸ್ಥಾನಕ್ಕೆ ತಿರುಗಿಸಿಟ್ಟರೆ ಗಾಲಿ ಒತ್ತಿಕೊಂಡು ಚಪ್ಪಟೆಯಾಗುವುದಿಲ್ಲ.

ಇನ್ನು ಎಣ್ಣೆ. ಹಿಂದಿನ ಮಾಲೀಕರು ಮೋಟಾರಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಮಾಗಿಯ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಮೋಟಾರಿನೊಳಗೆ ದ್ರವವಾಗಿಯೇ ಇರುತ್ತದೆಯೇ? ವರ್ಷಗಳು ಕಳೆದಂತೆ ಅದು ಅಂಟಾಗಿ, ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹಾರಿಬರುವ ಮಸಿಯೊಡನೆ ಸೇರಿ ಡಾಂಬರಿನಂತಾಗಿತ್ತು. ಹಳೆಯದನ್ನು ಪೂರ್ತಿ ಒರೆಸಿ ತೆಗೆದು ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ ಬಿಟ್ಟರೆ ಸಾಕು. ಗಾಲಿಗೆ ಮಾತ್ರ ಸಿಡಿಯಬಾರದು.

ವೇಗ ಸರಿಯಿದೆಯೇ ಎಂದು ನೋಡಲು ಗೆರೆಗಳಿರುವ ಕಾಗದದ ಬಿಲ್ಲೆಯೊಂದು ಸಾಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ ವೇಗಕ್ಕೆ 180 ಗೆರೆಗಳ ಬಿಲ್ಲೆಯನ್ನು ಆ ಬೆಳಕಿನಲ್ಲಿ ತಿರುಗಿಸಿದರೆ ಗೆರೆಗಳು ನಿಂತಂತೆ ಕಾಣಬೇಕು. ಹಿಂದಕ್ಕೆ ಜಾರಿದರೆ ವೇಗ ಕಡಿಮೆ. ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವು ಈ ಕೆಲಸಕ್ಕೆ ಬಾರವು. ಆ ಒಂದು ಟ್ಯೂಬ್‌ಲೈಟನ್ನು ಬದಲಾಯಿಸಲು ನಾನು ಬಿಡದಿರುವುದಕ್ಕೆ ಮನೆಯಲ್ಲಿ ಇಂದಿಗೂ ಬೈಸಿಕೊಳ್ಳುತ್ತೇನೆ. ಕರೆಂಟು ಹೋದಾಗ ಚೌಕ ಅಲೆಯ ಇನ್ವರ್ಟರಿನಲ್ಲಿ ಇದನ್ನು ಓಡಿಸಬೇಡಿ, ಮೋಟಾರ್ ಗುರ್ರೆನ್ನುತ್ತದೆ, ಬಿಸಿಯಾಗುತ್ತದೆ.

ಸದ್ದಿನ ತೊಂದರೆಗಳು ಕಡಿಮೆ. ವಾಲ್ಯೂಮ್ ತಿರುಗಿಸಿದಾಗ ಗರಗರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ. ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಎನ್ನುತ್ತಿದ್ದರೆ ಸಾಮಾನ್ಯವಾಗಿ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ. ಮುಳ್ಳು ಹೊತ್ತ ತೋಳನ್ನು ಮುಟ್ಟಿದಾಗ ಆ ಸದ್ದು ಬದಲಾದರೆ ಅರ್ತ್ ತಂತಿ ಬಿಟ್ಟಿರಬಹುದು. ಇಷ್ಟಕ್ಕೂ ಬಗ್ಗದಿದ್ದರೆ ಬಲ್ಲವರಿಗೆ ಕೊಡಿ.

ಮುಳ್ಳಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. 78ರ ಪ್ಲೇಟಿನ ಗೀರು ಅಗಲ, ಅದಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. 33⅓ರ ವೇಗದ ಎಲ್‌ಪಿ ಪ್ಲೇಟಿಗೆ 25 ಮೈಕ್ರಾನ್ ಇಲ್ಲವೇ ಅದಕ್ಕಿಂತ ಸಣ್ಣದು. ನನ್ನ ಪ್ಲೇಯರಿನಲ್ಲಿ ಚಿಕ್ಕ ಹಿಡಿಯನ್ನು ಹೊರಳಿಸಿದರೆ ಮುಳ್ಳು ಬದಲಾಗುತ್ತದೆ. ಮುಳ್ಳಿನ ಅಲುಗಾಟವನ್ನು ಕರೆಂಟಾಗಿಸುವ ಕಾರ್ಟ್ರಿಜ್ ಮೊದಲು ಹರಳಿನದಿತ್ತು, ಅದು ತೇವಕ್ಕೆ ಸತ್ತಿತ್ತು, ಈಗಿರುವುದು ಸೆರಾಮಿಕ್. ಇದು ಪ್ಲೇಟಿನ ಮೇಲೆ ಸುಮಾರು ಐದು ಗ್ರಾಂ ಭಾರ ಕೇಳುತ್ತದೆ. ಆ ಭಾರ ಅಳೆಯುವ ಚಿಕ್ಕ ಡಿಜಿಟಲ್ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಲು 1990ರ ದಶಕದ ಸ್ಟೀಲಿನ ಒಂದು ರೂಪಾಯಿ ನಾಣ್ಯ ಅನುಕೂಲ, ಅದರ ತೂಕ 4.85 ಗ್ರಾಂ. ಹಾಡು ಹಾರುತ್ತದೆಂದು ಅದೇ ನಾಣ್ಯವನ್ನು ತೋಳಿನ ತಲೆಗೆ ಅಂಟಿಸುವ ಪದ್ಧತಿ ಪ್ಲೇಟಿಗೆ ಮರಣಶಾಸನ.

78ರ ಪ್ಲೇಟುಗಳನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ಅವು ಅರಗಿನವು, ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಪಾಲಿಶ್ ಮಾಡಿಕೊಳ್ಳುತ್ತಾರೆ. ತುಸು ಒದ್ದೆಯಾದ ಮೆತ್ತನೆಯ ಬಟ್ಟೆ ಸಾಕು.

ಕೊರತೆಗಳಿವೆ. ಐದು ಗ್ರಾಂ ಭಾರದ ಈ ತೋಳಿನಡಿ ಈಗಿನ ದುಬಾರಿ ಎಲ್‌ಪಿಗಳನ್ನು ನಾನು ಇಡುವುದಿಲ್ಲ. ತಾನಾಗಿ ನಿಲ್ಲುವ ವ್ಯವಸ್ಥೆ ಪದೇಪದೇ ಕೈಕೊಡುತ್ತಿದ್ದುದರಿಂದ ಅದರ ಕಡ್ಡಿಯನ್ನೇ ತೆಗೆದಿಟ್ಟಿದ್ದೇನೆ. ಆದರೆ ಕಾಳಿಂಗರಾಯರ ದನಿಯನ್ನು 78ರ ಪ್ಲೇಟಿನಿಂದ ಸರಿಯಾದ ಮುಳ್ಳಿನಲ್ಲಿ ಕೇಳಿದವರು ಈ ದೂರುಗಳನ್ನು ಅಷ್ಟೇನೂ ಲೆಕ್ಕಕ್ಕೆ ಹಿಡಿಯಲಾರರು. ಐದರಲ್ಲಿ ನಾಲ್ಕು ಅಂಕ. 16ರ ವೇಗದ ಬಗ್ಗೆ ಮಾತ್ರ ಏನನ್ನೂ ಹೇಳಲಾರೆ: ಆ ವೇಗದ ಪ್ಲೇಟು ನನಗೆ ಇದುವರೆಗೆ ಎಲ್ಲಿಯೂ ಸಿಕ್ಕಿಲ್ಲ.