ಟ್ರೈಟನ್ ಬೈಕಿಗೆ ಜೋಡಿ ಅಮಾಲ್ ಪ್ರೀಮಿಯರ್ ಕಾರ್ಬ್ಯುರೇಟರ್: ನಾಲ್ಕು ವರ್ಷ ಓಡಿಸಿದ ಮೇಲೆ

ಕೊವೆಂಟ್ರಿಯಲ್ಲಿ ನೆಲೆಸಿದ ಮೇಲೆ ನಾನು ಆಸೆಪಟ್ಟು ಕೊಂಡದ್ದು ಒಂದು ಟ್ರೈಟನ್. ನಾರ್ಟನ್ ಬೈಕಿನ ಸ್ಲಿಮ್‌ಲೈನ್ ಫೆದರ್‌ಬೆಡ್ ಫ್ರೇಮಿನಲ್ಲಿ 1969ರ ಟ್ರಯಂಫ್ ಬಾನವಿಲ್‌ನ 649 ಸಿಸಿ ಎಂಜಿನ್ ಕೂರಿಸಿದ ಗಾಡಿ ಅದು. ಆ ಎಂಜಿನ್ ತಯಾರಾದ ಮೆರಿಡೆನ್ ಇಲ್ಲಿಗೆ ಹತ್ತಿರ. 1983ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಜಾಗದಲ್ಲಿ ಈಗ ಮನೆಗಳಿವೆ, ಒಂದು ಬೀದಿಗೆ ಬಾನವಿಲ್ ಎಂದೇ ಹೆಸರಿದೆ. ಆ ಬೀದಿಯನ್ನು ಹಾದು ಹೋಗುವಾಗಲೆಲ್ಲ ಎಂಜಿನ್ ಸರಿಯಾಗಿ ಉಸಿರಾಡುತ್ತಿರಲಿ ಎಂದು ಮನಸ್ಸು ಬಯಸುತ್ತದೆ. ಎರಡು ಬೇಸಿಗೆ ಅದು ಸರಿಯಾಗಿ ಉಸಿರಾಡಲಿಲ್ಲ.

ಬೈಕಿನ ಜೊತೆ ಬಂದದ್ದು ಹಳೆಯ ಅಮಾಲ್ ಕಾನ್ಸೆಂಟ್ರಿಕ್ 930 ಕಾರ್ಬ್ಯುರೇಟರುಗಳು, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಗಳು, ಒಂದೊಂದು ಸಿಲಿಂಡರಿಗೆ ಒಂದೊಂದು. ಅವುಗಳಲ್ಲಿ ಬಾಡಿ ಮತ್ತು ಅದರೊಳಗೆ ಮೇಲೆ ಕೆಳಗೆ ಜಾರಿ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್ ಎರಡೂ ಸತುವಿನ ಮಿಶ್ರಲೋಹದವು, ಉಜ್ಜಿ ಉಜ್ಜಿ ಎರಡೂ ಸವೆಯುತ್ತವೆ. ನನ್ನ ಬೈಕಿನಲ್ಲಿ ಸ್ಲೈಡನ್ನು ಬೆರಳಿನಿಂದ ಅಲುಗಿಸಿದರೆ ಟಕಟಕ ಎನ್ನುತ್ತಿತ್ತು. ಆ ಸಂದಿನಲ್ಲಿ ಗಾಳಿ ನುಗ್ಗುವುದರಿಂದ ಐಡ್ಲಿಂಗ್ ಒಮ್ಮೆ ಏರುತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆರಿಹೋಗುತ್ತಿತ್ತು. ಒಂದು ವರ್ಕ್‌ಶಾಪಿನವರು ಪೆಟ್ರೋಲ್ ಹರಿಯುವ ತೂತಿನ ತುಂಡಾದ ಮೇನ್ ಜೆಟ್ಟನ್ನು ಮೂರು ಸಲ ಬದಲಿಸಿ ಮೂರು ಸಲವೂ ಹಣ ಪಡೆದರು. ಮೇನ್ ಜೆಟ್ ಕೆಲಸ ಮಾಡುವುದು ಥ್ರಾಟಲ್ ಮುಕ್ಕಾಲಿಗಿಂತ ಹೆಚ್ಚು ತೆರೆದಾಗ. ಐಡ್ಲಿಂಗ್ ತೊಂದರೆಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿರಬೇಕಾದವರು ಹೇಳಲೂ ಇಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಕೊನೆಗೆ ಹೊಸ ಜೋಡಿಯನ್ನೇ ತರಿಸಿದೆ. 1927ರಲ್ಲಿ ಮೂರು ಕಾರ್ಬ್ಯುರೇಟರ್ ಕಂಪನಿಗಳು ಒಂದಾದಾಗ ಹುಟ್ಟಿದ ಅಮಾಲ್ ಹೆಸರಿನಲ್ಲಿ ಇವನ್ನು ಈಗ ಬರ್ಲೆನ್ ಸಂಸ್ಥೆ ತಯಾರಿಸುತ್ತದೆ. ಪ್ರೀಮಿಯರ್ ಮಾದರಿಯ ಹೊರರೂಪ ಹಳೆಯದರದ್ದೇ, ಒಳಗಿನ ಬದಲಾವಣೆಗಳು ಮುಖ್ಯವಾದವು. ಸ್ಲೈಡ್ ಗಟ್ಟಿ ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಎಥನಾಲ್ ತಾಳುತ್ತದೆ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಶೇ. 10ರವರೆಗೆ ಎಥನಾಲ್ ಬೆರೆಸಿದ ಇ10, ಹಾಗಾಗಿ ಇದು ಸಣ್ಣ ಮಾತಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ, ಬಿಚ್ಚಿ ತೆಗೆಯಬಹುದಾದ ಪೈಲಟ್ ಜೆಟ್. ಹಳೆಯದರಲ್ಲಿ ಅದು ಬಾಡಿಯ ಆಳದಲ್ಲಿ ಒತ್ತಿ ಕೂರಿಸಿದ ಚೂರು. ಕಸ ಕಟ್ಟಿದರೆ ಏರ್ ಸ್ಕ್ರೂ ಇರುವ ತೂತಿನಿಂದ ಕೂದಲಿನಷ್ಟು ಸಣ್ಣ ಡ್ರಿಲ್ ಬಿಟ್ ತೂರಿಸಿ ಅಂದಾಜಿನ ಮೇಲೆ ಬಿಡಿಸಬೇಕಿತ್ತು.

ಇವನ್ನು ಕೂರಿಸುವ ಮೊದಲು ಬೇರೆ ಕೆಲಸಗಳಿವೆ, ದಯವಿಟ್ಟು ಅವನ್ನು ಬಿಡಬೇಡಿ. ಎಂಜಿನ್ ತಣ್ಣಗಿರುವಾಗ ವಾಲ್ವ್ ಸಂದು ಇನ್‌ಲೆಟ್‌ಗೆ 0.002 ಇಂಚು, ಎಕ್ಸಾಸ್ಟ್‌ಗೆ 0.004 ಇಂಚು ಇರಲಿ. ಇಗ್ನಿಷನ್ ಟೈಮಿಂಗ್ ಸ್ಟ್ರೋಬ್ ಲೈಟ್ ಹಿಡಿದು, ಪೂರ್ತಿ ಅಡ್ವಾನ್ಸ್ ಆದಾಗ 38 ಡಿಗ್ರಿಗೆ ನಿಲ್ಲಿಸಿ. ಹಾಗೆಯೇ ಕಾರ್ಬ್ಯುರೇಟರನ್ನು ಎಂಜಿನ್ ಹೆಡ್‌ಗೆ ಕೂರಿಸುವ ಚಪ್ಪಟೆ ಅಂಚಾದ ಫ್ಲ್ಯಾಂಜ್ ಮೇಲೆ ಕಣ್ಣಿಡಿ. ನನ್ನ ಹಳೆಯ ಕಾರ್ಬ್ಯುರೇಟರಿನ ಫ್ಲ್ಯಾಂಜ್ ಮೇಲೆ ಸ್ಟೀಲ್ ಸ್ಕೇಲಿನ ಅಂಚನ್ನು ನಿಲ್ಲಿಸಿ ಬೆಳಕಿಗೆ ಹಿಡಿದೆ. ನಡುವೆ ಬೆಳಕು ಇಣುಕುತ್ತಿತ್ತು, ಎರಡು ತುದಿಗಳಲ್ಲಿ ಮಾತ್ರ ಸ್ಕೇಲ್ ಕೂತಿತ್ತು. ಯಾರೋ ನಟ್ಟನ್ನು ಬಲವಾಗಿ ಬಿಗಿದು ಬಗ್ಗಿಸಿಬಿಟ್ಟಿದ್ದರು. ಹಾಗೆ ಬಗ್ಗಿದರೆ ಗಾಳಿ ಸೋರುತ್ತದೆ, ಸ್ಲೈಡೂ ಹಿಡಿದುಕೊಳ್ಳುತ್ತದೆ. ಹೊಸದನ್ನು ಓ-ರಿಂಗ್ ಹಾಕಿ, ತಾನಾಗಿ ಸಡಿಲವಾಗದ ನೈಲಾಕ್ ನಟ್ಟನ್ನು ಕೈಗೆ ಬಿಗಿ ಗೊತ್ತಾಗುವಷ್ಟಕ್ಕೇ ನಿಲ್ಲಿಸಿದೆ.

ಎರಡು ಕಾರ್ಬ್ಯುರೇಟರ್ ಜೋಡಿ ಎತ್ತುಗಳಂತೆ ಒಟ್ಟಿಗೆ ಎಳೆಯಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಎರಡೂ ಸ್ಲೈಡಿನ ಕೆಳಗೆ ತೂರಿಸಿ, ಥ್ರಾಟಲ್ ತಿರುಗಿಸಿದಾಗ ಎರಡೂ ಒಟ್ಟಿಗೇ ಸಡಿಲವಾಗುವಂತೆ ಕೇಬಲ್ ಹೊಂದಿಸಬೇಕು. ನನ್ನಲ್ಲಿ ಎಡಗಡೆಯದು ಮೊದಲು ಜಾರಿತು, ಅಡ್ಜಸ್ಟರನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ ಎರಡೂ ಒಂದೇ ಕ್ಷಣಕ್ಕೆ ಬಿದ್ದವು.

ಆಮೇಲೆ ಐಡ್ಲಿಂಗ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡೂ ಏರ್ ಸ್ಕ್ರೂಗಳನ್ನು ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡಬೇಕು. ಒಂದು ಪ್ಲಗ್ಗಿನ ಲೀಡ್ ತೆಗೆದು ಒಂದೇ ಸಿಲಿಂಡರಿನಲ್ಲಿ ಎಂಜಿನ್ ಓಡಿಸಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ತೆಗೆದ ಲೀಡಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಪೆಟ್ರೋಲಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಡುವುದನ್ನು ಮರೆಯಬೇಡಿ. ಏರ್ ಸ್ಕ್ರೂ ಒಳಗೆ ಹೋದಷ್ಟೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುತ್ತದೆ, ಹೊರಗೆ ಬಂದಷ್ಟೂ ಗಾಳಿ. ಕಾಲು ಕಾಲು ಸುತ್ತು ತಿರುಗಿಸುತ್ತಾ ಕಿವಿಗೊಟ್ಟು ಕೇಳಿದರೆ, ಒಂದು ಜಾಗದಲ್ಲಿ ತೊದಲುತ್ತಿದ್ದ ಎಂಜಿನ್ ದನಿ ಒಮ್ಮೆಲೇ ತಿಳಿಯಾಗುತ್ತದೆ. ಅಲ್ಲಿ ಬಿಡಿ, ಇನ್ನೊಂದು ಬದಿಗೆ ಹೋಗಿ. ಎರಡೂ ಲೀಡ್ ಹಾಕಿದ ಮೇಲೆ ವೇಗ ಏರಿರುತ್ತದೆ, ಐಡ್ಲಿಂಗ್ ವೇಗ ಹೊಂದಿಸುವ ಎರಡೂ ಸ್ಟಾಪ್ ಸ್ಕ್ರೂಗಳನ್ನು ಸಮವಾಗಿ ಇಳಿಸಿ.

ನನ್ನ ಗಾಡಿಯಲ್ಲಿ ಏರ್ ಫಿಲ್ಟರ್ ಬದಲು ತುತ್ತೂರಿ ಬಾಯಿಯಂಥ ತೆರೆದ ಟ್ರಂಪೆಟ್ ಇದೆ, ಸೈಲೆನ್ಸರ್ ಕೂಡ ಮೂಲದ್ದಲ್ಲ. ಹಾಗಾಗಿ ಮೂಲದ ಅಳತೆಗಳು ಇದಕ್ಕೆ ಹೊಂದಲಿಲ್ಲ. ಥ್ರಾಟಲ್ ಸ್ವಲ್ಪ ತೆರೆದಾಗ ಎಂಜಿನ್ ಕಾರ್ಬ್ಯುರೇಟರಿನ ಬಾಯಿಂದ ಫಟ್ ಎಂದು ಉಗುಳುತ್ತಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಸ್ಲೈಡಿನ ನಂಬರ್ ಇಳಿದಷ್ಟೂ ಪೆಟ್ರೋಲ್ ಹೆಚ್ಚು; 3ನೇ ನಂಬರಿನ ಸ್ಲೈಡ್ ತೆಗೆದು ಎರಡೂವರೆಯದನ್ನು ಹಾಕಿದ ದಿನವೇ ಅದು ನಿಂತಿತು. ಸ್ಲೈಡಿಗೆ ತೂಗುವ ಸೂಜಿಯ (ನೀಡಲ್) ಕ್ಲಿಪ್ ನಡುವಿನ ಗೀರಿನಲ್ಲೇ ಇದೆ, ನೀಡಲ್ ಜೆಟ್ 106. ಮೇನ್ ಜೆಟ್ 190ರಿಂದ ಶುರುಮಾಡಿ 210ಕ್ಕೆ ನಿಂತೆ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಆ ಕ್ಷಣವೇ ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡುವ ಹಳೆಯ ಪದ್ಧತಿಯೇ ಇದಕ್ಕೆ ಸಾಕಾಯಿತು. 190ರಲ್ಲಿ ಪ್ಲಗ್ಗಿನ ಪಿಂಗಾಣಿ ಸುಣ್ಣದ ಬಿಳುಪಿತ್ತು, 210ರಲ್ಲಿ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂತು. ಈ ನಂಬರುಗಳನ್ನು ನೀವು ಹಾಗೆಯೇ ಹಾಕಿಕೊಳ್ಳಬೇಡಿ, ನಿಮ್ಮ ಸೈಲೆನ್ಸರ್ ಬೇರೆ ಲೆಕ್ಕ ಕೇಳುತ್ತದೆ.

ನಾಲ್ಕು ವರ್ಷ, ಸುಮಾರು ಆರು ಸಾವಿರ ಮೈಲಿ ಆಯಿತು. ಸ್ಲೈಡ್ ಇವತ್ತಿಗೂ ಅಲುಗಾಡುವುದಿಲ್ಲ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಲು ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಬೇಕು, ಕೈಗವಸಿಗೆ ಆ ವಾಸನೆ ಅಂಟಿಕೊಳ್ಳುತ್ತದೆ. ಮೈಸೂರಿನಲ್ಲಿ ಅಪ್ಪನ ಜಾವಾದಲ್ಲೂ ಇಂಥದ್ದೇ ಗುಂಡಿ ಇತ್ತು, ಅದನ್ನು ಒತ್ತುವ ಕೆಲಸ ನನ್ನದಾಗಿತ್ತು. ನನಗೆ ಆ ವಾಸನೆ ಬೇಕು.

ಜೋಡಿಯ ಬೆಲೆ ಕಡಿಮೆಯೇನಲ್ಲ. ಹಳೆಯದರ ಬಾಡಿ ಸವೆದಿಲ್ಲದಿದ್ದರೆ ಹೊಸ ಸ್ಲೈಡ್ ಮತ್ತು ಫ್ಲೋಟ್ ಮಾತ್ರ ಹಾಕಿ ನೋಡಿ. ಸ್ಲೈಡ್ ಟಕಟಕ ಎನ್ನುತ್ತಿದ್ದು ಬಾಡಿಯೂ ಸವೆದಿದ್ದರೆ ರಿಪೇರಿಗೆ ಹಣ ಸುರಿಯದೆ ಇದನ್ನೇ ಕೊಳ್ಳಿ. ಚಳಿಗಾಲಕ್ಕೆ ನಿಲ್ಲಿಸುವಾಗ ಫ್ಲೋಟ್ ಬೌಲ್ ಖಾಲಿ ಮಾಡಿ. ಕಳೆದ ವರ್ಷ ನಾನು ಮರೆತಿದ್ದೆ. ಮಾರ್ಚಿನಲ್ಲಿ ಬಲ ಸಿಲಿಂಡರ್ ಐಡ್ಲಿಂಗಿನಲ್ಲಿ ಸತ್ತಿತ್ತು. ಪೈಲಟ್ ಜೆಟ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ತೂತು ಕಾಣಲಿಲ್ಲ. ತೊಳೆದು ಗಾಳಿ ಊದಿದೆ, ಸೂಜಿಮೊನೆಯಷ್ಟು ಬೆಳಕು ಬಂತು. ಮತ್ತೆ ಹಾಕಿ ಎರಡನೆಯ ಕಿಕ್ಕಿಗೆ ಎರಡೂ ಸಿಲಿಂಡರ್ ಎದ್ದವು.