ಪಬ್‌ಮೆಡ್, ಶೋಧಗಂಗಾ: ಧಾರವಾಡದ ಪಿಎಚ್‌ಡಿ ವಿದ್ಯಾರ್ಥಿಗೆ ಎಷ್ಟು ಉಪಯೋಗ?

ಸಾರ್ವಜನಿಕ ಆರೋಗ್ಯದ ಸಂಶೋಧನೆಗೆ ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ ಪಬ್‌ಮೆಡ್‌ನಿಂದಲೇ ಶುರು ಮಾಡಿ, ಪುಕ್ಕಟೆ. ಆದರೆ ಬರೀ ಮೆಶ್ ಪದ (ಲೇಖನಗಳಿಗೆ ಹಚ್ಚುವ ನಿಗದಿತ ವಿಷಯಪದ) ಹಾಕಿದರೆ ಪಬ್‌ಮೆಡ್‌ನ ಮುಖ್ಯ ಸೂಚಿಯಾದ ಮೆಡ್‌ಲೈನ್‌ಗೆ ಸೇರದ ಎಷ್ಟೋ ಭಾರತೀಯ ಪತ್ರಿಕೆಗಳ ಲೇಖನಗಳು ತಪ್ಪಿಹೋಗುತ್ತವೆ. ಅವಕ್ಕೆ ಮೆಶ್ ಹಚ್ಚಿರುವುದಿಲ್ಲ. ಅದೇ ಪದವನ್ನು ಶೀರ್ಷಿಕೆ, ಸಾರಾಂಶದಲ್ಲೂ ಹುಡುಕಿ, ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಆರ್’ (OR) ಹಾಕಿ. ಊರಿನ ಹೆಸರಿಗೂ ಹಾಗೇ: ‘ಹುಬ್ಬಳ್ಳಿ’ (Hubballi) ಒಂದನ್ನೇ ಕೊಟ್ಟರೆ, ಹೆಸರು ಬದಲಾದ 2014ಕ್ಕಿಂತ ಹಿಂದಿನ ‘ಹುಬ್ಳಿ’ (Hubli) ಲೇಖನಗಳು ಕೈಗೆ ಸಿಗುವುದು ಕಷ್ಟ.

ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಪ್ರಬಂಧಗಳು ಅಧ್ಯಾಯವಾರು ಪಿಡಿಎಫ್. ಪ್ರಶ್ನಾವಳಿ ನೋಡಲು ಒಳ್ಳೆಯದು, ಒಂದೊಂದೇ ಇಳಿಸಿಕೊಳ್ಳುವುದು ಮಾತ್ರ ಕಿರಿಕಿರಿ.

ಗದಗ, ಹಾವೇರಿಯ ಅಂಕಿಗಳಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5ರ (2019-21) ಜಿಲ್ಲಾ ಫ್ಯಾಕ್ಟ್‌ಶೀಟ್ ಇದೆ. ತಾಲೂಕಿನ ಲೆಕ್ಕ ಅದರಲ್ಲಿಲ್ಲ. ಆವರಣದೊಳಗಿನ ಅಂಕಿ ಸಮೀಕ್ಷೆಯಲ್ಲಿ ಸಿಕ್ಕ ಬರೀ 25ರಿಂದ 49 ಪ್ರಕರಣಗಳದ್ದು, ನಕ್ಷತ್ರ ಇದ್ದರೆ 25ಕ್ಕಿಂತ ಕಡಿಮೆ. ಆವರಣ ತೆಗೆದು ಪ್ರಬಂಧಕ್ಕೆ ಅಂಟಿಸುವವರೇ ಹೆಚ್ಚು. ವೈವಾದಲ್ಲಿ ಸಿಕ್ಕಿಬೀಳುವುದು ಅಲ್ಲೇ.